ಕೆಂಪು ಬಳಿದ ಬೀದಿ

ಹೊಳೆದಂಡೆ ಬೀದಿಯ ಗಾರೆ ಮೇಸ್ತ್ರಿಗೆ ಸುಲಭಕ್ಕೆ ಸಿಟ್ಟು ಬರುತ್ತಿರಲಿಲ್ಲ. ಆದರೆ ನೆರೆ ವಿಮೆಯ ಕಂತು ಒಂದೇ ಏಟಿಗೆ ಮೂರು ಪಟ್ಟಾಯಿತೆಂಬ ಕಾಗದ ಬಂದ ದಿನ, ಕೈಗಂಟಿದ ಸಿಮೆಂಟನ್ನೂ ತೊಳೆಯದೆ ಅವನು ವಿಮಾ ಕಚೇರಿಗೆ ನಡೆದ.

ಹಿಂದಿನ ನೆರೆ ಇಳಿದ ಮೇಲೆ ಅವನು ತಾನೇ ಮುಂದೆ ನಿಂತು, ಜಾಕಿ ಕೊಟ್ಟು, ಮನೆಯನ್ನು ಸೊಂಟದೆತ್ತರಕ್ಕೆ ಏರಿಸಿದ್ದ. ಪಕ್ಕದ ಮನೆಯಲ್ಲೇ ಇದ್ದ ಅಕ್ಕನಿಗೆ ಆ ಖರ್ಚು ಕೈಲಾಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಅವಳು ಹೇಗೋ ದಿನ ನೂಕುತ್ತಿದ್ದಳು.

ಅಧಿಕಾರಿ ಕಂಪ್ಯೂಟರಿನಲ್ಲಿ ನಕ್ಷೆ ತೆರೆದು ತೋರಿಸಿದ. ನೆರೆ ಅಪಾಯದ ಗುರುತಾಗಿ ಇಡೀ ಬೀದಿಗೆ ಕೆಂಪು ಬಳಿದಿತ್ತು. ಎತ್ತರಿಸಿದ ಮನೆಯ ಲೆಕ್ಕ ಎಲ್ಲಿ ಎಂದು ಕೇಳಿದರೆ, ಅದಕ್ಕೆ ಕಾಲಂ ಇಲ್ಲವೆಂದ. ಆಮೇಲೆ ದನಿ ತಗ್ಗಿಸಿದ.

"ನೀವೊಬ್ರು ಅರ್ಜಿ ಕೊಡಿ ಮೇಸ್ತ್ರಿ. ನಿಮ್ಮದೊಂದನ್ನ ನೋಡೋಣ."

"ನಮ್ಮಕ್ಕಂದು?"

"ಅವ್ರ ಮನೆ ತಗ್ಗಲ್ಲಿದೆಯಲ್ಲ. ಕಟ್ಟೋಕಾಗದಿದ್ರೆ ಪಾಲಿಸಿ ಬಿಡ್ಲಿ."

ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ನೀರು ನುಗ್ಗುವ ಮನೆಗೇ ವಿಮೆ ಬೇಡವೆನ್ನುವುದಾದರೆ ಇವರು ಯಾರಿಗಾಗಿ ಬಾಗಿಲು ತೆರೆದು ಕೂತಿದ್ದಾರೆ? ಅರ್ಜಿ ಬರೆಯದೆಯೇ ಎದ್ದು ಬಂದವನು, ಮಟ್ಟ ನೋಡುವ ಪೈಪು ಹಿಡಿದು ಬೀದಿಯ ಪ್ರತಿ ಮನೆಯ ಹೊಸ್ತಿಲನ್ನೂ ಅಳೆದ. ಪಟ್ಟಿ ಬರೆದು ಎಲ್ಲರಿಂದ ಸಹಿ ಹಾಕಿಸಿ ಕಚೇರಿಗೆ ಕೊಟ್ಟ. ಮಳೆಗಾಲ ಮುಗಿದ ಮೇಲೆ ಸಭೆ ಕರೆಯುತ್ತೇವೆ ಎಂದರು.

ಹೊಳೆ ಅಲ್ಲಿಯವರೆಗೆ ಕಾಯಲಿಲ್ಲ. ನೀರು ಅಕ್ಕನ ಹೊಲಿಗೆ ಯಂತ್ರಗಳನ್ನು ಮುಳುಗಿಸಿ, ಹಿತ್ತಿಲ ಗೋಡೆಯನ್ನು ಕೆಡವಿತು. ಪರಿಹಾರಕ್ಕೆ ಹೋಗೋಣ ನಡಿ ಎಂದಾಗಲೇ ಅವಳು ಬಾಯಿ ಬಿಟ್ಟದ್ದು: ಕಂತು ನಿಲ್ಲಿಸಿ ಎರಡು ತಿಂಗಳಾಗಿತ್ತು. ತಮ್ಮನಿಗೆ ಹೇಳಿದರೆ ಅವನೇ ತುಂಬುತ್ತಾನೆಂದು ಮುಚ್ಚಿಟ್ಟಿದ್ದಳು.

ಸಭೆಯಲ್ಲಿ ಒಬ್ಬೊಬ್ಬರಿಗೆ ಎರಡೇ ನಿಮಿಷ. ಮೇಸ್ತ್ರಿ ಎದ್ದ, ಅಕ್ಕ ಅವನ ತೋಳು ಹಿಡಿದು ಕೂರಿಸಿ ತಾನೇ ಮೈಕಿನ ಮುಂದೆ ನಿಂತಳು.

"ಬಿಡ್ಲಿ ಅಂದ್ರಿ. ಬಿಟ್ಟೆ. ನಕ್ಷೆ ಬರೆದೋರು ಒಂದ್ಸಲನಾದ್ರೂ ನಮ್ಮ ಬೀದೀಲಿ ನಡೆದಿದ್ರಾ? ಅಷ್ಟು ಹೇಳಿ, ಸಾಕು."

 ಉಳಿದ ಸಮಯವಿಡೀ ಅವಳು ಎದುರಿಗೆ ಕೂತ ಅಧಿಕಾರಿಗಳ ಮುಖವನ್ನು ಒಂದೊಂದಾಗಿ ನೋಡುತ್ತ ನಿಂತಳು.

ಮರುವರ್ಷ ನಿಯಮ ಬದಲಾಯಿತು. ಹೊಸ್ತಿಲ ಎತ್ತರ ನೋಡಿಯೇ ಕಂತು. ಅದನ್ನೂ ಮನಬಂದಂತೆ ಏರಿಸುವಂತಿಲ್ಲ. ತಗ್ಗಿನ ಮನೆ ಎತ್ತಿಸುವವರಿಗೆ ನೆರವು. ಅಕ್ಕನ ಹಳೆಯ ನಷ್ಟಕ್ಕೆ ಮಾತ್ರ ಬಿಡಿಗಾಸೂ ಇಲ್ಲ. ಅದೇ ಅಧಿಕಾರಿ ನಗುತ್ತ ಅಭಿನಂದನೆಗೆ ಕೈ ಚಾಚಿದಾಗ ಮೇಸ್ತ್ರಿ ತನ್ನ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ.

ಅಕ್ಕ ಹೊಸ ಪಾಲಿಸಿಗೆ ಸಹಿ ಹಾಕುವ ಮುನ್ನ ಒಂದೊಂದು ಸಾಲನ್ನೂ ಅವನ ಬಾಯಿಂದಲೇ ಓದಿಸಿದಳು, ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುವಷ್ಟು ಜೋರಾಗಿ.