ಆ ಮಾತ್ರೆ ಬೇಡ, ಡಾಕ್ಟ್ರೇ

ನಿಖಿತಾ ಕಾರ್ಕಳದ ಶಾಲೆಯೊಂದರಲ್ಲಿ ಆಟದ ಟೀಚರ್. ವಾಲಿಬಾಲ್ ಆಡಿ ಗಟ್ಟಿಯಾದ ಮೈ, ಮೈದಾನದ ಆಚೆ ತುದಿಗೂ ಕೇಳುವ ದನಿ. ಒಂದು ಭಾನುವಾರ ತವರಿನಿಂದ ಅಂಬಲಪಾಡಿಯ ಗಂಡನ ಮನೆಗೆ ಬರುತ್ತಿದ್ದಾಗ, ಸಂತೆಕಟ್ಟೆಯಲ್ಲಿ ಪಿಕಪ್ ವ್ಯಾನೊಂದು ಅವಳ ಸ್ಕೂಟರಿಗೆ ಬಡಿಯಿತು. ಮೊಣಕಾಲಿನ ಕೆಳಗಿನ ಎಲುಬು ಮುರಿಯಿತು. ಒಳಗೆ ರಾಡ್ ಹಾಕಿದರು. ಎಲುಬು ಕೂಡಿತು, ಗಾಯ ಮಾಯಿತು, ಕುಂಟುವುದೂ ಹೆಚ್ಚುಕಡಿಮೆ ನಿಂತಿತು. ನಿಲ್ಲದೆ ಉಳಿದದ್ದು ನೋವಿಗೆಂದು ಕೊಟ್ಟ ಮಾತ್ರೆ.

ಮೊದಮೊದಲು ನೋವಾದಾಗ ನುಂಗುತ್ತಿದ್ದಳು. ಆಮೇಲೆ ನೋವಾಗಬಹುದೆಂದು ನುಂಗತೊಡಗಿದಳು. ಬರಬರುತ್ತ, ನುಂಗದಿದ್ದರೆ ಮೂಗು ಸೋರಿ, ಹೊಟ್ಟೆ ಕಲಸಿ, ಮೈ ಗಡಗಡ ನಡುಗುತ್ತಿತ್ತು. ಡಾಕ್ಟರ ಚೀಟಿ ಹಳತಾಯಿತೆಂದು ಉಡುಪಿಯಲ್ಲಿ ಕೊಡದಿದ್ದರೆ ಬೇರೆ ಊರಿನ ಮೆಡಿಕಲ್ ಹುಡುಕಿಕೊಂಡು ಹೋಗುತ್ತಿದ್ದಳು. ಗಂಡ ಜಿತೇಶನಿಗೆ ಉಡುಪಿಯಲ್ಲಿ ಇಲೆಕ್ಟ್ರಿಕಲ್ ಅಂಗಡಿ. ಹೆಂಡತಿ ಸದಾ ಸುಸ್ತಾಗಿರುವುದು ದಿನಾ ಕಾರ್ಕಳಕ್ಕೆ ಹೋಗಿ ಬರುವ ಬಸ್ ಪ್ರಯಾಣದಿಂದ ಎಂದೇ ಅವನು ತಿಳಿದಿದ್ದ. ಒಂದು ಮಧ್ಯಾಹ್ನ ಮಕ್ಕಳು ಥ್ರೋಬಾಲ್ ಆಡುತ್ತಿರುವಾಗಲೇ ಟೀಚರ್ ನೆಟ್ಟಿನ ಕಂಬಕ್ಕೆ ಒರಗಿ ನಿದ್ದೆ ಹೋದರು. ಹುಡುಗಿಯರು ಅಲುಗಿಸಿದರೂ ಏಳಲಿಲ್ಲ. ಹೆಡ್‌ಮಿಸ್ ಜಿತೇಶನಿಗೆ ಫೋನ್ ಮಾಡಿದರು. ಅಲ್ಲಿಗೆ ಎಲ್ಲ ಹೊರಬಿತ್ತು.

ಅತ್ತೆ ಕುಶಲಾ ಕೆಟ್ಟವಳಲ್ಲ, ಆದರೆ ನಾಲ್ಕು ಜನರ ಬಾಯಿಗೆ ತುಂಬ ಹೆದರುವವಳು. "ಇದು ಹೊರಗೆ ಹೋಗಬಾರದು" ಎಂದು ಹೇಳಿ, ಯಾರಿಗೂ ತಿಳಿಯದ ಹಾಗೆ ಸೊಸೆಯನ್ನು ಬೇರಿನ ಕಷಾಯ ಕೊಡುವವನೊಬ್ಬನ ಬಳಿ ಕರೆದುಕೊಂಡು ಹೋದಳು. ಮಾತ್ರೆಯನ್ನು ಇವತ್ತೇ ಪೂರ್ತಿ ಬಿಸಾಡಿ, ಉಳಿದದ್ದನ್ನು ಕಷಾಯ ನೋಡಿಕೊಳ್ಳುತ್ತದೆ ಎಂದ ಅವನು. ನಿಖಿತಾ ಬಿಸಾಡಿದಳು. ಮರುದಿನವೇ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಕಾಲುಗಳು ತಾವಾಗಿಯೇ ಒದೆಯುತ್ತಿದ್ದವು. ಕುಡಿದ ನೀರೂ ನಿಲ್ಲಲಿಲ್ಲ. ಅತ್ತೆ ಕಷಾಯ ಬಿಸಿ ಮಾಡುತ್ತಿದ್ದಾಗ ಅವಳು ಹಿಂಬಾಗಿಲಿನಿಂದ ಹೊರಟು ರಿಕ್ಷಾ ಹಿಡಿದು ಮಾತ್ರೆ ತಂದಳು. ನುಂಗಿದ ಮೇಲೆ ಬಚ್ಚಲಲ್ಲಿ ಕುಳಿತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಸೆಲೀನ್ ಸಿಸ್ಟರ್ ಬಗ್ಗೆ ಹೇಳಿದ್ದು ಜಿತೇಶನ ಗಿರಾಕಿಯೊಬ್ಬರು. ನರ್ಸ್ ಕೆಲಸದಿಂದ ನಿವೃತ್ತಿಯಾದ ಹೆಂಗಸು. ಕಾಪುವಿನಲ್ಲಿ ಕಡಲಿಗೆ ಹತ್ತಿರದ ಅವಳ ಮನೆಗೆ ಕುಡಿತ ಬಿಟ್ಟವರು, ಬಿಡಲು ಹೊರಟವರು ಬೆಳಿಗ್ಗೆ ಬಂದು ಹೋಗುತ್ತಿದ್ದರು. ಕಷಾಯದವನಿಂದ ಪಾಠ ಕಲಿತ ಮೇಲೂ ನಿಖಿತಾಳಿಗೆ ಆಸ್ಪತ್ರೆಯೆಂದರೆ ನಾಚಿಕೆ.

"ಇಂಗ್ಲಿಷ್ ಮದ್ದು ಬೇಡ ಸಿಸ್ಟರ್. ಯೋಗ, ಉಸಿರಾಟ, ಎಣ್ಣೆ ತಿಕ್ಕುವುದು, ಇದರಲ್ಲೇ ಬಿಡಿಸಿ."

"ಹಾಗಾದರೆ ನನ್ನ ಹತ್ತಿರ ಬರಬೇಡ" ಎಂದಳು ಸೆಲೀನ್. ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದವಳು ತಲೆಯೆತ್ತಲೂ ಇಲ್ಲ. "ಮೊದಲು ಮಣಿಪಾಲಕ್ಕೆ ಹೋಗು. ಡಾಕ್ಟ್ರು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಅದರ ಜೊತೆಗೆ ಇಲ್ಲಿಗೆ ಬಾ. ಮದ್ದು ಬೇಡ ಅಂತ ಹಟ ಮಾಡುವವರನ್ನು ನಾನು ಸೇರಿಸುವುದಿಲ್ಲ. ನನ್ನ ಸ್ವಂತ ತಮ್ಮನನ್ನು ಹಾಗೆ ಕಳೆದುಕೊಂಡಿದ್ದೇನೆ."

ನಿಖಿತಾ ಹಿಂದಿರುಗಿದಳು. ಒಂದು ವಾರ ಅತ್ತಿತ್ತ ಮಾಡಿ, ಕೊನೆಗೆ ಜಿತೇಶನ ಜೊತೆ ಮಣಿಪಾಲದ ಮೆಟ್ಟಿಲು ಹತ್ತಿದಳು. ಅಲ್ಲಿನ ಲೇಡಿ ಡಾಕ್ಟರು ಬೈಯಲಿಲ್ಲ, ಆಶ್ಚರ್ಯಪಡಲೂ ಇಲ್ಲ. ಕಾಲು ಮುರಿದವರಲ್ಲಿ ಹೀಗಾಗುವುದುಂಟು ಎಂದು ಹೇಳಿ ಮದ್ದು ಶುರು ಮಾಡಿದರು.

ಕಾಪುವಿನ ಬೆಳಗುಗಳೂ ಶುರುವಾದವು. ಬರಿಗಾಲಿನಲ್ಲಿ ಮರಳ ಮೇಲೆ ನಡೆಯಬೇಕು. ಆಮೇಲೆ ಜಗಲಿಯಲ್ಲಿ ಕುಳಿತು ಉಸಿರು. "ಮೂಗಿನಿಂದ ಎಳೆದುಕೋ, ಬಿಸಿ ಗಂಜಿ ಊದುವ ಹಾಗೆ ನಿಧಾನ ಬಿಡು" ಎನ್ನುತ್ತಿದ್ದಳು ಸೆಲೀನ್. ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡ ಮೇಲೆ ಹಿತ್ತಿಲಿನ ಮಲ್ಲಿಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವ ಕೆಲಸ. ನಿಖಿತಾಳಿಗೆ ಮೊದಲು ಇದೆಲ್ಲ ಮಕ್ಕಳಾಟ ಅನ್ನಿಸಿತು. ಮಾತ್ರೆ ಕಡಿಮೆಯಾದಂತೆ ಮೈ ಕೂಗಲು ಹಿಡಿದಾಗ, ಆ ಹೊತ್ತನ್ನು ದಾಟಿಸಲು ಬೆರಳಿಗೊಂದು ಕೆಲಸ ಬೇಕೆಂದು ತಿಳಿಯಿತು.

ಪಕ್ಕದಲ್ಲಿ ಹೂ ಕಟ್ಟುತ್ತಿದ್ದವನು ಭೋಜ, ಮಲ್ಪೆಯಲ್ಲಿ ಮೀನಿನ ಬೋಟಿಗೆ ಹೋಗುವವನು, ಕುಡಿತ ಬಿಡಲು ಬಂದವನು. "ಟೀಚರೇ, ನನ್ನ ಹೆಂಡತಿ ನಾನು ಕಟ್ಟಿದ ಹೂ ಮುಡಿಯುವುದಿಲ್ಲ. ಬಲೆ ಹಾಕಿದ ಹಾಗೆ ಉಂಟಂತೆ" ಎಂದು ನಗಿಸುತ್ತಿದ್ದ. ನಡುವೆ ಕೆಲವು ವಾರ ಅವನು ಕಾಣಲಿಲ್ಲ. ಮತ್ತೆ ಬಂದಾಗ ಕಣ್ಣು ಕೆಂಪಾಗಿತ್ತು, ಮುಖ ಇಳಿದಿತ್ತು. ಸೆಲೀನ್ ಏನೂ ಕೇಳದೆ ಹೂವಿನ ಬುಟ್ಟಿಯನ್ನು ಅವನ ಕಡೆಗೆ ಸರಿಸಿದಳು. ಬಿದ್ದವನು ಇಲ್ಲಿಗೇ ಎದ್ದು ಬಂದನಲ್ಲ ಎಂದು ನಿಖಿತಾ ಅವತ್ತು ಬಹಳ ಹೊತ್ತು ಯೋಚಿಸಿದಳು.

ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಮಾತ್ರೆ ಪೂರ್ತಿ ನಿಂತಿತ್ತು. ಆಗ ರಾಡಿನ ಮೇಲಿನ ಸ್ಕ್ರೂ ಚರ್ಮಕ್ಕೆ ಒತ್ತಿ ನೋವು ಕೊಡತೊಡಗಿತು. ರಾಡನ್ನೇ ತೆಗೆಯಬೇಕೆಂದು ಎಲುಬಿನ ಡಾಕ್ಟರು ಹೇಳಿದರು. ಮತ್ತೆ ಶಸ್ತ್ರಕ್ರಿಯೆ, ಮತ್ತೆ ನೋವು, ಮತ್ತೆ ಅದೇ ಮಾತ್ರೆ.

"ಡಾಕ್ಟ್ರ ಹತ್ತಿರ ಹಳೆಯ ಕತೆ ಎಂತಕ್ಕೆ?" ಎಂದಳು ಕುಶಲಾ, ಆಸ್ಪತ್ರೆಯ ಬೆಂಚಿನಲ್ಲಿ ದನಿ ತಗ್ಗಿಸಿ. "ಇಲ್ಲಿ ನಮ್ಮ ಪರಿಚಯದವರು ಎಷ್ಟು ಜನ ಇದ್ದಾರೆ. ಮಾತ್ರೆ ಬರೆದು ಕೊಟ್ಟರೆ ನಾವು ತೆಗೆದುಕೊಳ್ಳದಿದ್ದರಾಯಿತು, ಅಲ್ವಾ?"

"ಮಾಮಿ, ಮಾತ್ರೆ ಕೈಗೆ ಬಂದರೆ ನಾನು ತೆಗೆದುಕೊಳ್ಳುತ್ತೇನೆ. ನನಗೆ ನನ್ನ ಬಗ್ಗೆ ಗೊತ್ತುಂಟು."

ಒಳಗೆ ಡಾಕ್ಟರು ಎಕ್ಸ್‌ರೇ ನೋಡುತ್ತಿದ್ದರು. ಪಕ್ಕದಲ್ಲಿ ಇಬ್ಬರು ಕಲಿಯುವ ಡಾಕ್ಟರುಗಳು, ಬಾಗಿಲಲ್ಲಿ ಒಬ್ಬ ನರ್ಸ್. ನಿಖಿತಾ ಮೈದಾನದಲ್ಲಿ ಕೂಗುವ ದನಿಯಲ್ಲೇ ಹೇಳಿಬಿಟ್ಟಳು.

"ಡಾಕ್ಟ್ರೇ, ಕಳೆದ ಸಲ ಕೊಟ್ಟ ನೋವಿನ ಮಾತ್ರೆ ನನಗೆ ಚಟವಾಗಿತ್ತು. ಮಣಿಪಾಲದಲ್ಲಿ ಮದ್ದು ಮಾಡಿ ಬಿಟ್ಟಿದ್ದೇನೆ. ಆ ಜಾತಿಯ ಯಾವ ಮಾತ್ರೆಯೂ ಬೇಡ. ಬೇರೆ ದಾರಿ ಇದ್ದರೆ ಹೇಳಿ."

ಅತ್ತೆ ನೆಲ ನೋಡುತ್ತಿದ್ದಳು. ಡಾಕ್ಟರು ಕುರ್ಚಿ ತಿರುಗಿಸಿದರು.

"ಹೇಳಿದ್ದು ಬಹಳ ಒಳ್ಳೆಯದಾಯಿತು. ದಾರಿ ಉಂಟು. ಕಾಲಿನ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೇವೆ, ಆಮೇಲೆ ಚಟ ಹಿಡಿಸದ ಮಾತ್ರೆ, ಐಸ್. ನಿಮ್ಮ ಮಣಿಪಾಲದ ಡಾಕ್ಟರ ಜೊತೆ ನಾನೂ ಮಾತಾಡುತ್ತೇನೆ. ಆದರೆ ನೋವು ಇರುತ್ತದೆ, ಇರುವುದಿಲ್ಲ ಎಂದು ಸುಳ್ಳು ಹೇಳಲಾರೆ."

"ಇರಲಿ" ಎಂದಳು ನಿಖಿತಾ.

ಶಸ್ತ್ರಕ್ರಿಯೆಯ ಮರುದಿನ ಊಟದ ಹೊತ್ತಿಗೆ ಇಂಜೆಕ್ಷನ್ನಿನ ಗುಣ ಇಳಿಯಿತು. ನೋವು ಸುತ್ತಿಗೆಯಿಂದ ಬಡಿದ ಹಾಗೆ ಬಂತು. ಅದಕ್ಕಿಂತ ದೊಡ್ಡದಾಗಿ ಬಂದದ್ದು ಆಸೆ: ಒಂದೇ ಒಂದು, ಇವತ್ತಿಗೆ ಮಾತ್ರ. ಜಿತೇಶ್ ಐಸ್ ತರಲು ಹೊರಗೆ ಹೋಗಿದ್ದ. ನಿಖಿತಾ ಮಂಚದ ಕಂಬಿ ಹಿಡಿದು ಉಸಿರು ಎಳೆದಳು. ಉಸಿರು ನಡುವೆಯೇ ತುಂಡಾಯಿತು.

"ಮಾಮಿ, ನರ್ಸನ್ನು ಕರೆಯಿರಿ. ಕೇಳಿಬಿಡುತ್ತೇನೆ."

ಕುಶಲಾ ಎದ್ದಳು, ಬಾಗಿಲವರೆಗೆ ಹೋದಳು. ಅಲ್ಲಿಂದ ತಿರುಗಿ ಬಂದು ಮಂಚದ ಅಂಚಿನಲ್ಲಿ ಕುಳಿತಳು. "ಕರೆಯುತ್ತೇನೆ ಮಗಾ. ಅದಕ್ಕೆ ಮುಂಚೆ ನಿನ್ನ ಆ ಗಂಜಿ ಊದುವುದು ಹೇಗೆ ಅಂತ ನನಗೊಮ್ಮೆ ತೋರಿಸು."

ನಿಖಿತಾ ಊದಿದಳು. ಅತ್ತೆಯೂ ಊದಿದಳು, ಕೆನ್ನೆ ಉಬ್ಬಿಸಿಕೊಂಡು, ತಪ್ಪು ತಪ್ಪಾಗಿ. "ಹಾಗಲ್ಲ, ನಿಧಾನ" ಎಂದು ನಿಖಿತಾ ಹೇಳಬೇಕಾಯಿತು. ಮತ್ತೊಮ್ಮೆ ಊದಿದರು, ಮಗದೊಮ್ಮೆ. ಜಿತೇಶ್ ಐಸ್ ಹಿಡಿದು ಬಂದಾಗ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಊದುತ್ತಿದ್ದರು. ನೋವು ಹೋಗಿರಲಿಲ್ಲ. ನಿಖಿತಾಳ ಮುಖದ ಮೇಲೆಲ್ಲ ಕಣ್ಣೀರು. ಆದರೆ ನರ್ಸ್ ಬಂದು ಏನು ಬೇಕೆಂದು ಕೇಳಿದಾಗ, "ಐಸ್ ಸಾಕು" ಎಂದಳು.

ಮನೆಗೆ ಬಂದ ವಾರದಲ್ಲಿ ಪಕ್ಕದ ಮನೆಯಾಕೆ ನೋಡಲು ಬಂದರು. "ನೋವಿಗೆ ಒಳ್ಳೆಯ ಪವರಿನ ಮಾತ್ರೆ ಕೊಟ್ಟಿದ್ದಾರೆ ಅಲ್ವಾ?" ಎಂದು ಕೇಳಿದರು.

ಒಳಕೋಣೆಯಲ್ಲಿ ಮಲಗಿದ್ದ ನಿಖಿತಾ ಕಿವಿಗೊಟ್ಟಳು. ಚಾ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ಇಲ್ಲ" ಎಂದಳು ಕುಶಲಾ. ದನಿ ತಗ್ಗಿಸಲಿಲ್ಲ. "ಅವಳಿಗೆ ಆ ಮಾತ್ರೆಯ ಚಟ ಹಿಡಿದಿತ್ತು. ಕಷ್ಟಪಟ್ಟು ಬಿಟ್ಟಿದ್ದಾಳೆ. ನಾವು ಮನೆಗೆ ತರುವುದಿಲ್ಲ."