ತಮ್ಮನಿಗೆ ಒಗ್ಗಿದ ಮಾತ್ರೆ

ಕ್ಷಯ ವಾಸಿಯಾದವರಲ್ಲಿ ಎರಡು ಬಗೆ. ಕೆಲವರು ಅದನ್ನು ಮರೆತು ಬದುಕುತ್ತಾರೆ, ಕೆಲವರು ತಜ್ಞರಾಗುತ್ತಾರೆ. ಅಕ್ಕನ ದುರದೃಷ್ಟಕ್ಕೆ ಅವಳ ತಮ್ಮ ಎರಡನೆಯ ಬಗೆಯವನು.

ತಮ್ಮ ಬಸ್ ಕಂಡಕ್ಟರ್. ಹಿಂದಿನ ವರ್ಷ ಕ್ಷಯ ಬಂದಾಗ ಮಾತ್ರೆ ನುಂಗಿದ, ಡಾಕ್ಟರು ಬೇಡವೆಂದರೂ ಸಂಜೆಯ ಪೆಗ್ಗನ್ನೂ ನುಂಗಿದ, ಕೋರ್ಸ್ ಮುಗಿಯುವಷ್ಟರಲ್ಲಿ ಗುಂಡುಕಲ್ಲಿನ ಹಾಗಾದ. ಅದೇ ಮನೆಯಲ್ಲಿ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದ ಅಕ್ಕನಿಗೂ ಆ ಕಾಯಿಲೆ ಅಂಟಿದಾಗ, ಅವಳು ದಿನಾ ಮಾತ್ರೆ ನುಂಗುವುದನ್ನು ಕಣ್ಣಾರೆ ಕಾಣುವ ಹೊಣೆಯನ್ನು ಆರೋಗ್ಯ ಕೇಂದ್ರದವರು ಅವನಿಗೇ ವಹಿಸಿದರು. ಅನುಭವಸ್ಥ, ನೋಡಿ.

ಆ ಹೊಣೆಯನ್ನು ಅವನು ಟಿಕೆಟ್ ತಪಾಸಣೆಯ ಹಾಗೆ ನಿಭಾಯಿಸಿದ. ಡ್ಯೂಟಿಗೆ ಹೊರಡುವ ಮುನ್ನ ಟಾರ್ಚ್ ಹಿಡಿದು ಹೊಲಿಗೆ ಯಂತ್ರದ ಮುಂದೆ ನಿಲ್ಲುತ್ತಿದ್ದ.

"ಆ ಅನ್ನು. ನಾಲಿಗೆ ಎತ್ತು. ಎಡಗಡೆ ದವಡೆ ತೋರ್ಸು."

"ನಾನೇನು ಟಿಕೆಟ್ ಇಲ್ದೆ ಹತ್ತಿದೀನೇನೋ?"

"ಎಲ್ರೂ ಹಾಗೇ ಅಂತಾರಕ್ಕ."

ತಾನು ಕಳ್ಳ, ಪರರ ನಂಬ. ಹಿಂದೊಮ್ಮೆ ಮಾತ್ರೆಯನ್ನು ನಾಲಿಗೆಯಡಿ ಬಚ್ಚಿಟ್ಟು ಕಿಟಕಿಯಾಚೆ ಉಗಿಯುವಾಗ ಸಿಕ್ಕಿಬಿದ್ದವನು ಅವನೇ.

ಕೆಲವು ವಾರಗಳಲ್ಲಿ ಅಕ್ಕನಿಗೆ ಅನ್ನದ ಮುಖ ಕಂಡರಾಗದಾಯಿತು. ಯಂತ್ರದ ಎಣ್ಣೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು. ಮಾತ್ರೆ ಬಿಟ್ಟರೆ ಕ್ಷಯ ತಿನ್ನುತ್ತದೆ, ಬಿಡದಿದ್ದರೆ ಇನ್ನೇನೋ ತಿನ್ನುತ್ತಿದೆ ಎಂದು ಅವಳಿಗೆ ಒಳಗೊಳಗೇ ದಿಗಿಲು.

"ಮಾತ್ರೆ ಒಗ್ತಿಲ್ಲ ಕಣೋ," ಎಂದಳು.

"ಅದೇ ಮಾತ್ರೆ, ಅದೇ ಅಪ್ಪ, ಅದೇ ಅಮ್ಮ. ನನಗೆ ಒಗ್ಗಿದ್ದು ನಿನಗ್ಯಾಕೆ ಒಗ್ಗಲ್ಲ?"

"ಅವನು ಪಾಪ ಒಂದಿನ ವಾಂತಿ ಅಂದವನಲ್ಲ," ಎಂದು ಅಮ್ಮ ಒಗ್ಗರಣೆ ಹಾಕಿದಳು. "ನೀನು ಚಿಕ್ಕಂದಿನಿಂದ್ಲೂ ನಾಜೂಕು."

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂದು ಗಾದೆ. ಈ ಮನೆಯಲ್ಲಿ ಕಾಮಾಲೆಯ ಕಣ್ಣು ನೆಟ್ಟಗೇ ಕಾಣುತ್ತಿತ್ತು, ಬೆಳ್ಳಗಿದ್ದ ಎರಡು ಜೊತೆ ಕಣ್ಣುಗಳಿಗೆ ಏನೂ ಕಾಣುತ್ತಿರಲಿಲ್ಲ. ಟಾರ್ಚ್ ನಾಲ್ಕು ಬೆರಳು ಮೇಲೆ ಸರಿದಿದ್ದರೂ ಸಾಕಿತ್ತು. ಆದರೆ ಕಂಡಕ್ಟರಿಗೆ ಬಾಯಿಯಷ್ಟೇ ಡ್ಯೂಟಿ. ಕೊನೆಗೆ ಮಗನ ಚಡ್ಡಿ ಒಯ್ಯಲು ಬಂದ ಗಿರಾಕಿ ಹೆಂಗಸು ಕೇಳಿದಳು: "ಇದೇನ್ರೀ, ಕಣ್ಣು ಇಷ್ಟು ಹಳದಿ?"

ಮರುದಿನ ಟಾರ್ಚ್ ಬಂದಾಗ ಅಕ್ಕ ಬಾಯಿ ತೆರೆಯಲಿಲ್ಲ. ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ನಡೆದಳು. ಪೇಷಂಟು ತಪ್ಪಿಸಿಕೊಂಡಳೆಂದು ಮೇಲ್ವಿಚಾರಕನೂ ಹಿಂದೆಯೇ ಓಡಿದ.

ಹೊಸ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಕೇಳಿದರು: "ದಿನಕ್ಕೆ ಎಷ್ಟು ಕುಡೀತೀರಮ್ಮ?"

"ಎರಡು ಚೊಂಬು ನೀರು."

ಪ್ರಶ್ನೆ ಅಕ್ಕನಿಗೆ, ವಾಸನೆ ತಮ್ಮನದು. ಡಾಕ್ಟರು ನಂಬದೆ "ಹೂಂ" ಎಂದು ಬರೆದುಕೊಂಡರು. ರಕ್ತ ಪರೀಕ್ಷೆಯಲ್ಲಿ ಲಿವರಿನ ಕಿಣ್ವಗಳು ಇರಬೇಕಾದದ್ದರ ಹತ್ತು ಪಟ್ಟು ಏರಿದ್ದವು. ಅವಳನ್ನು ವಾರ್ಡಿಗೆ ಹಾಕಿ, ಎಲ್ಲ ಮಾತ್ರೆ ನಿಲ್ಲಿಸಿದರು. ಡಾಕ್ಟರ ಅನುಮಾನದ ಸುದ್ದಿ ಕೇಳಿದ ಅಮ್ಮ ಹೊಲಿಗೆ ಮೇಜಿನಡಿ ಹೆಂಡದ ಬಾಟಲಿ ಹುಡುಕಿದಳು. ಸಿಕ್ಕಿದ್ದು ಯಂತ್ರಕ್ಕೆ ಬಿಡುವ ಎಣ್ಣೆಯ ಸೀಸೆ. ಅದನ್ನೂ ಮೂಸಿ ನೋಡಿದಳು.

"ಕೋರ್ಸ್ ಅರ್ಧಕ್ಕೆ ನಿಲ್ಸಬಾರ್ದು," ಎಂದು ತಮ್ಮ ಹಿರಿಯ ಡಾಕ್ಟರಮ್ಮನಿಗೆ ಪಾಠ ಹೇಳಿದ. "ನನ್ನನ್ನೇ ನೋಡಿ."

"ನಿಮ್ಮನ್ನ ನೋಡ್ಕೊಂಡು ಇವರಿಗೆ ಕೊಟ್ಟಿದ್ದೇ ಎಡವಟ್ಟಾಗಿದ್ದು," ಎಂದರು ಆಕೆ. ಮತ್ತೊಂದು ರಕ್ತದ ಮಾದರಿ ದೊಡ್ಡ ಪ್ರಯೋಗಾಲಯಕ್ಕೆ ಹೋಯಿತು.

ವರದಿ ಬಂದಾಗ ಅವರು ಅಕ್ಕನ ಮಂಚದ ಅಂಚಿಗೆ ಕೂತರು. "ಒಂದು ಮಾತ್ರೆಯನ್ನ ನಿಮ್ಮ ಲಿವರ್ ತೀರಾ ನಿಧಾನವಾಗಿ ಕರಗಿಸತ್ತೆ. ಅದು ಮೈಯಲ್ಲೇ ಉಳಿದು ವಿಷ ಆಗೋ ಸಂಭವ ಜಾಸ್ತಿ. ಇದು ಜೀನ್‌ನಲ್ಲೇ ಬರೋದು. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ನಿಮಗೆ ಎರಡೂ ನಿಧಾನದ್ದೇ ಬಂದಿದೆ. ತಮ್ಮನಿಗೆ ಒಂದಾದ್ರೂ ಚುರುಕಿನದು ಸಿಕ್ಕಿರಬಹುದು."

"ಹಾಗಿದ್ರೆ ನಾನು ಕೆಟ್ಟ ಪೀಸಾ?"

"ಅಲ್ಲ. ನಿಮ್ಮಂಥವರು ಲೆಕ್ಕವಿಲ್ಲದಷ್ಟು ಜನ ಇದಾರೆ, ಬಹುಪಾಲಿನವರಿಗೆ ಏನೂ ಆಗಲ್ಲ. ನಿಮಗೆ ಆಯ್ತು. ಲಿವರಿನ ಕಿಣ್ವ ಇಳಿದ ಮೇಲೆ ಒಂದೊಂದೇ ಮಾತ್ರೆ ಮತ್ತೆ ಶುರು ಮಾಡೋಣ, ಈ ಮಾತ್ರೆ ಕಡಿಮೆ ಅಳತೆಯಲ್ಲಿ. ಆಗಾಗ ರಕ್ತ ಪರೀಕ್ಷೆ ಮಾಡಿಸ್ಬೇಕು. ಕ್ಷಯ ಇನ್ನೂ ಹೋಗಿಲ್ವಲ್ಲ."

ತಮ್ಮ ಕಾಲರ್ ಸರಿಪಡಿಸಿಕೊಂಡ. "ನನ್ನದು ಚುರುಕು ಅಂತ ನನಗೆ ಮೊದ್ಲೇ ಗೊತ್ತಿತ್ತು."

"ಲಿವರ್ ಬಗ್ಗೆ ಹೇಳಿದ್ದು ಕಣಪ್ಪ, ತಲೆ ಬಗ್ಗೆ ಅಲ್ಲ," ಎಂದಳು ಅಕ್ಕ. ಎಷ್ಟೋ ದಿನಗಳ ಮೇಲೆ ಅವಳಿಗೆ ನಗು ಬಂದಿತ್ತು. "ಇನ್ನು ಮಾತ್ರೆ ನಾನೇ ನುಂಗ್ತೀನಿ. ನನ್ನ ಬಾಯಿಗೆ ನೀನು ಕಾವಲು ಬೇಡ."

"ಮತ್ತೆ ನಾನೇನು ಮಾಡ್ಲಿ?"

"ರಕ್ತ ಪರೀಕ್ಷೆಗೆ ಕ್ಯೂ ನಿಲ್ಲು. ಉದ್ದ ಇರತ್ತೆ, ನನಗೆ ನಿಲ್ಲೋ ತ್ರಾಣ ಇಲ್ಲ."

ಮಾತ್ರೆ ಮತ್ತೆ ಶುರುವಾದ ಮೇಲಿನ ಮೊದಲ ಪರೀಕ್ಷೆಗೆ ಅವನು ರಜೆ ಹಾಕಿ ನಿಂತ. ಅಕ್ಕ ಗೋಡೆಯ ಬದಿಯ ಬೆಂಚಿನಲ್ಲಿ ಕೂತಿದ್ದಳು. ಸಾಲಿನಲ್ಲಿ ಮುಂದಿದ್ದವನು ತಿರುಗಿ, ತಮ್ಮನ ಕೈಯ ಪರೀಕ್ಷೆಯ ಚೀಟಿಯನ್ನೂ ಅವಳನ್ನೂ ನೋಡಿ, ದನಿ ತಗ್ಗಿಸಿ ಕೇಳಿದ: "ಲಿವರಾ? ಹೆಂಗಸರೂ ಶುರು ಮಾಡ್ಕೊಂಡ್ಬಿಟ್ರಾ?"

"ರೀ ಸ್ವಾಮಿ," ತಮ್ಮನ ದನಿ ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವಂಥದ್ದು. "ನಮ್ಮಕ್ಕ ಒಂದು ತೊಟ್ಟು ಮುಟ್ಟಿದವಳಲ್ಲ. ಕುಡಿಯೋನು ನಾನು. ನನ್ನ ಲಿವರಿಗೆ ಏನೂ ಆಗಿಲ್ಲ. ಏನೀಗ?"

ಇಡೀ ಸಾಲು ತಿರುಗಿ ಅವನನ್ನು ನೋಡಿತು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾಚಿಕೆಗೋ ನಗುವಿಗೋ, ಭುಜಗಳಂತೂ ಅಲುಗುತ್ತಿದ್ದವು.