ಕಳೆಯದೆ ಬಿಟ್ಟ ಬೇರಿಯಂ

ಕಡಲ ತಳದ ಕೆಸರನ್ನು ಆಮ್ಲದಲ್ಲಿ ಕರಗಿಸಿ, ಯಂತ್ರಕ್ಕೆ ಕುಡಿಸಿ, ಅದರಲ್ಲಿ ಯಾವ ಲೋಹ ಎಷ್ಟಿದೆ ಎಂದು ಹೇಳುವುದು ಅಕ್ಕನ ಕೆಲಸ. ಅದೇ ಕೆಸರನ್ನು ಹಡಗಿನಿಂದ ಉಕ್ಕಿನ ಹಗ್ಗ ಇಳಿಬಿಟ್ಟು ಮೇಲೆಳೆಯುವುದು ತಮ್ಮನ ಕೆಲಸವಾಗಿತ್ತು. ಹಿಂದಿನ ಯಾನದಲ್ಲಿ ಹಗ್ಗ ತುಂಡಾಗಿ ಅವನ ಎದೆಗೆ ಬಡಿಯಿತು. ಮನೆಗೆ ಬಂದದ್ದು ಮುಚ್ಚಿದ ಪೆಟ್ಟಿಗೆ.

"ನನ್ನ ಮಗ ಸುಮ್ಮನೆ ಹೋಗ್ಲಿಲ್ಲ," ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. "ಕಡಲ ತಳದಲ್ಲಿ ಕುದಿನೀರಿನ ಬುಗ್ಗೆ ಇದೆಯಂತೆ. ಹುಡುಕಿಕೊಟ್ಟೋನು ಅವನೇ."

ಬುಗ್ಗೆ ಇದೆ ಎಂದದ್ದು ಅಕ್ಕನ ಲೆಕ್ಕ. ಅಂಥ ಬುಗ್ಗೆಯ ಬಳಿಯ ಕೆಸರಿನಲ್ಲಿ ಯುರೋಪಿಯಂ ಎಂಬ ವಿರಳ ಲೋಹ ತನ್ನ ಬಳಗದ ಉಳಿದ ಲೋಹಗಳನ್ನು ಮೀರಿ ತಲೆ ಎತ್ತುತ್ತದೆ. ಮೊದಲು ತಂದ ಕೆಸರಿನಲ್ಲಿ ಹಾಗೇ ಕಂಡಿತ್ತು. ಅದನ್ನು ನಂಬಿಯೇ ಹಡಗು ಮತ್ತೆ ಹೋದದ್ದು, ತಮ್ಮ ಸತ್ತದ್ದು. ಈಗ ಇನ್ನೊಮ್ಮೆ ಹೊರಟು ನಿಂತಿತ್ತು.

ತಮ್ಮ ಕೊನೆಯದಾಗಿ ಎಳೆದುಕೊಟ್ಟ ಕೆಸರಿನಲ್ಲಿ ಅಕ್ಕ ಬೇರಿಯಂ ಅನ್ನೂ ಅಳೆದಳು. ರಾಶಿ ಇತ್ತು. ಯಂತ್ರದ ಉರಿಯಲ್ಲಿ ಬೇರಿಯಂ ಆಮ್ಲಜನಕದೊಡನೆ ಕೂಡಿದರೆ ಯುರೋಪಿಯಂನಷ್ಟೇ ತೂಗುತ್ತದೆ. ಯಂತ್ರಕ್ಕೆ ಭೇದ ತಿಳಿಯದು. ಆ ಪಾಲನ್ನು ಕಳೆಯಬೇಕು. ಮೊದಲ ಸಲ ಅವಸರದಲ್ಲಿ ಅವಳು ಕಳೆದಿರಲಿಲ್ಲ. ಈಗ ಎರಡೂ ಸಲದ ಕೆಸರಿನ ಲೆಕ್ಕದಿಂದ ಅದನ್ನು ಕಳೆದು ನೋಡಿದರೆ, ಅದು ಎಲ್ಲಾ ಕಡೆ ಸಿಗುವಂಥ ಕೆಸರು. ಬುಗ್ಗೆಯ ಸುಳಿವೇ ಇಲ್ಲ.

"ಹಡಗು ನಾಳೆ ಹೊರಡುತ್ತೆ ಕಣಮ್ಮ, ಈಗ ಬಂದು ರಾಗ ಎಳೀತೀಯಲ್ಲ!" ಎಂದರು ಪ್ರಯೋಗಾಲಯದ ಮುಖ್ಯಸ್ಥರು. "ಹೋಗಿ ನೋಡ್ಕೊಂಡು ಬರ್ಲಿ ಬಿಡು."

"ಏನನ್ನ ನೋಡೋಕೆ ಸಾರ್? ಹಗ್ಗ ಹಿಡಿಯೋರ ಮನೇಲೂ ಅಮ್ಮಂದಿರು ಇರ್ತಾರೆ."

"ನಿಮ್ಮಮ್ಮನಿಗೆ ಏನು ಹೇಳ್ತೀಯ, ಅದನ್ನ ಯೋಚ್ನೆ ಮಾಡು."

ಅಕ್ಕ ಅವರ ಮೇಜಿನ ಮೇಲಿದ್ದ ಫೋನನ್ನೇ ಎತ್ತಿ ಕಪ್ತಾನನಿಗೆ ಎಲ್ಲ ಹೇಳಿದಳು. ಯಾನ ರದ್ದಾಯಿತು.

ಮನೆಯಲ್ಲಿ ಅಮ್ಮ ಬಟಾಣಿ ಸುಲಿಯುತ್ತಿದ್ದಳು. "ಏನೇ, ಮುಖ ಊದಿಸ್ಕೊಂಡು ಬಂದೆ? ನಿಮ್ಮ ಸಾಹೇಬ ಮತ್ತೆ ಹಾರಾಡಿದ್ನಾ?"

ಅಕ್ಕ ಎದುರಿಗೆ ಕುಳಿತು ನಿಧಾನವಾಗಿ ಹೇಳಿದಳು. ಬೇರಿಯಂ ಅಮ್ಮನ ತಲೆಗೆ ಹೋಗಲಿಲ್ಲ.

"ಹಾಗಾದ್ರೆ ಅಲ್ಲಿ ಬುಗ್ಗೆ ಇಲ್ವಾ?"

"ಇಲ್ಲಮ್ಮ."

"ಮತ್ತೆ ಅವನನ್ನ ಅಲ್ಲಿಗೆ ಕಳಿಸಿದ್ದು ಯಾರು?"

"ನನ್ನ ಲೆಕ್ಕ."

ಅಮ್ಮ ಕೈಯಲ್ಲಿದ್ದ ಬಟಾಣಿಯನ್ನು ಸುಲಿದು ಮುಗಿಸಿದಳು.

"ಉಳಿದ ಹುಡುಗರನ್ನ ತಡೆದೆಯಲ್ಲ, ಒಳ್ಳೇದಾಯ್ತು," ಎಂದಳು. "ಈಗ ಎದ್ದು ಹೋಗು. ನಿನ್ನ ಮುಖ ನೋಡೋಕೆ ಆಗ್ತಿಲ್ಲ ನನ್ನ ಕೈಲಿ."

ಅಕ್ಕ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ಬೆನ್ನ ಹಿಂದೆ ಚಿಲಕ ಬಿತ್ತು.